ಕನ್ನಡಿಯ ಮೇಲಿನ ಕೈಗುರುತು

ತಾಂಡ್ಯ ಕೈಗಾರಿಕಾ ಪ್ರದೇಶದ ನಮ್ಮ ವರ್ಕ್‌ಶಾಪಿನಲ್ಲಿ ದೂರದರ್ಶಕದ ಕನ್ನಡಿಗಳಿಗೆ ಪಾಲಿಶ್ ಮಾಡುತ್ತಿದ್ದ ಫಿಟ್ಟರ್, ಕೆಲಸಕ್ಕೆ ಕೂರುವ ಮುಂಚೆ ಉಂಗುರ ಬಿಚ್ಚಿಟ್ಟು ಮೂಗು ಬಾಯಿಗೆ ಟವೆಲ್ ಕಟ್ಟಿಕೊಳ್ಳುತ್ತಿದ್ದರು. ಕನ್ನಡಿಗೆ ಉಸಿರೂ ತಾಕಬಾರದು. ನಾನು ಹೊಸದಾಗಿ ಸೇರಿದ ಕ್ವಾಲಿಟಿ ಇಂಜಿನಿಯರ್. ಏನು ಕೇಳಿದರೂ ಅವರದು ಒಂದೇ ಮಾತು: "ಮೊದ್ಲು ಕನ್ನಡಿ ಮಕ ಮುಚ್ಚಿ ಸಾ, ಆಮೇಲೆ ಮಾತು."

ಒಮ್ಮೆ ಅವರಿಗೆ ವಿವರಿಸಿದೆ. ಸತ್ತ ನಕ್ಷತ್ರದ ತಿರುಳು ಗಿರಗಿರ ತಿರುಗುತ್ತಾ ಕಣಗಳ ಬಿರುಗಾಳಿ ಎಬ್ಬಿಸುತ್ತದೆ. ಆ ಗಾಳಿ ಕಟ್ಟಿದ ಮೋಡದಿಂದ ಹೊರಟ ಗಾಮಾ ಕಿರಣ ನಮ್ಮ ವಾತಾವರಣಕ್ಕೆ ಬಡಿದಾಗ ನೀಲಿ ಬೆಳಕೊಂದು ಫಕ್ಕನೆ ಮಿಂಚಿ ಮಾಯವಾಗುತ್ತದೆ. ಈ ಕನ್ನಡಿಗಳು ಹಿಡಿಯುವುದು ಅದನ್ನೇ.

"ಅಷ್ಟು ದೂರದ್ದನ್ನ ಇಡಿಯೋ ಕನ್ನಡಿ, ಅತ್ತಿರದ ಸೂರ್ಯನ್ನ ಬಿಟ್ಟದಾ ಸಾ?" ಎಂದರು.

ಮರುವಾರ ಮಧ್ಯಾಹ್ನ, ಅಂಗಳದಲ್ಲಿ ಚೌಕಟ್ಟಿಗೆ ಕೂರಿಸಿದ್ದ ಕನ್ನಡಿಗಳ ಟಾರ್ಪಾಲನ್ನು ಫೋಟೋ ತೆಗೆಯಲೆಂದು ನಾನೇ ಎಳೆದೆ. ಬಿಸಿಲೆಲ್ಲ ಒಂದೇ ಚುಕ್ಕೆಯಾಗಿ ಕಿಡಿ ತಾಕಿದರೆ ಭಗ್ಗೆನ್ನುವ ಥಿನ್ನರ್ ಡ್ರಮ್ಮಿನ ಪಕ್ಕದ ಚಿಂದಿಬಟ್ಟೆಯ ಮೇಲೆ ಬಿತ್ತು. ಹೊಗೆ ಎದ್ದಿತು. ಎಲ್ಲರೂ ಗೇಟಿನತ್ತ ಓಡಿದರು. ಫಿಟ್ಟರ್ ಒಬ್ಬರು ಕನ್ನಡಿಯತ್ತ ಓಡಿದರು. ಟಾರ್ಪಾಲು ಎಳೆಯುವ ಭರದಲ್ಲಿ ಮುಗ್ಗರಿಸಿ, ಕನ್ನಡಿಗೇ ಅಂಗೈ ಊರಿ, ಮುಚ್ಚಿದರು. ಆಮೇಲೆ ಚಿಂದಿಯನ್ನು ತುಳಿದು ಆರಿಸಿದರು.

"ಕೈ ಬಿತ್ತಲ್ಲ ಸಾ," ಎಂದು ಎಣ್ಣೆ ಹತ್ತಿದ್ದ ಅಂಗೈಯನ್ನೇ ನೋಡಿಕೊಳ್ಳುತ್ತಾ ನಿಂತರು.

ಎಣ್ಣೆಯ ಗುರುತು ಒರೆಸಿದರೂ ಹೋಗದೆ ಆ ಕನ್ನಡಿ ರಿಜೆಕ್ಟ್ ಆಯಿತು. ಕಾರಣ ಬರೆಯಬೇಕಾದವನು ನಾನು. ಟಾರ್ಪಾಲಿನ ಸುದ್ದಿಯೇ ಎತ್ತದೆ, "ಫಿಟ್ಟರ್‌ನ ಕೈಗುರುತು" ಎಂದು ಬರೆದು ಸಹಿ ಹಾಕಿದೆ.