ಮೂರು ಕಿಲೋ ತಿನ್ನುವ ಕಾಟಾ

ನಾನು ಕೆಲಸ ಮಾಡುವ ಧಾರವಾಡದ ಶಾಲೆಗೆ ಪ್ರತಿ ವರ್ಷ ಕ್ರೀಡಾದಿನಕ್ಕೆ ಒಬ್ಬ ಅತಿಥಿ ಬರುತ್ತಾರೆ. ಹೊಟ್ಟೆ ಮುಂದೆ, ತಾವು ಹಿಂದೆ. ಮೈಕು ಹಿಡಿದು, "ಆಟ ಒಗ್ಗಟ್ಟು ಕಲಿಸುತ್ತದೆ, ತ್ಯಾಗ ಕಲಿಸುತ್ತದೆ" ಎನ್ನುತ್ತಾರೆ. ಬಿಸಿಲಲ್ಲಿ ಬೆಂದ ಮಕ್ಕಳು ಚಪ್ಪಾಳೆ ತಟ್ಟುತ್ತವೆ. ನಾನು ಹಿಂದಿನ ಸಾಲಿನಲ್ಲಿ ಕೂತು ಶೇಂಗಾ ಸುಲಿಯುತ್ತಿರುತ್ತೇನೆ. ತ್ಯಾಗವಂತೆ ತ್ಯಾಗ! ಅದು ಹೇಗಿರುತ್ತದೆಂದು ನಾನು ಕಣ್ಣಾರೆ ನೋಡಿದ್ದೇನೆ. ತಲೆ ಬೋಳಿಸಿಕೊಂಡಿತ್ತು, ಬಾಯಲ್ಲಿ ಹುಣಸೆಹಣ್ಣು ಇಟ್ಟುಕೊಂಡಿತ್ತು.

ನನ್ನ ಸ್ವಂತ ಆಟದ ಕಥೆ ದೊಡ್ಡದೇನಲ್ಲ, ಮೊದಲು ಅದನ್ನು ಮುಗಿಸಿಬಿಡುತ್ತೇನೆ. ಅಮ್ಮಿನಬಾವಿಯಲ್ಲಿ ಓದುವಾಗ ನನ್ನನ್ನು ಖೋಖೋ ಟೀಮಿಗೆ ಸೇರಿಸಿದ್ದರು. ಒಬ್ಬಳು ಆ ಕಡೆ ಮುಖ, ಒಬ್ಬಳು ಈ ಕಡೆ ಮುಖ ಮಾಡಿ ಕುಕ್ಕರಗಾಲಿನಲ್ಲಿ ಕೂರಬೇಕು. ಹಿಂದಿನಿಂದ ಯಾರೋ ಬಂದು ಬೆನ್ನಿಗೊಂದು ಗುದ್ದಿ "ಖೋ" ಅಂದಾಗ ಎದ್ದು ಓಡಬೇಕು. ಬೆನ್ನಿಗೆ ಗುದ್ದಿಸಿಕೊಂಡು ಓಡುವುದನ್ನು ಮನೆಯಲ್ಲಿ ಅವ್ವನೇ ಕಲಿಸಿದ್ದಳು, ಅದಕ್ಕೊಂದು ಮೈದಾನ, ಒಬ್ಬ ಮಾಸ್ತರು ಯಾಕೆ ಬೇಕೋ ನನಗೆ ತಿಳಿಯಲಿಲ್ಲ. ಕೆಲವು ದಿನ ಕೂತೆ. ಆಮೇಲೆ ಮೊಣಕಾಲು ನೋವು ಅಂದೆ. ಅಲ್ಲಿಗೆ ನನ್ನ ಆಟ ಮುಗಿದು ಅಣ್ಣನ ಕಬಡ್ಡಿ ಶುರುವಾಯಿತು.

ನಮ್ಮ ಕಡೆ ಕಬಡ್ಡಿಯನ್ನು ತೂಕದ ಮೇಲೆ ಆಡಿಸುತ್ತಾರೆ. ಐವತ್ತೈದು ಕಿಲೋ ಪಂದ್ಯ ಅಂದರೆ ಐವತ್ತೈದಕ್ಕಿಂತ ಹೆಚ್ಚು ತೂಗುವವನಿಗೆ ಅಂಗಳದೊಳಗೆ ಜಾಗವಿಲ್ಲ. ಸಣ್ಣವರ ಮೇಲೆ ದೊಡ್ಡವರು ಬೀಳಬಾರದೆಂದು ಯಾರೋ ಶಾಣ್ಯಾ ಮಾಡಿದ ನಿಯಮ. ಆದರೆ ನಮ್ಮ ಗಂಡಸರ ಕೈಗೆ ಸಿಕ್ಕ ಮೇಲೆ ಯಾವ ನಿಯಮ ನೆಟ್ಟಗೆ ಉಳಿದಿದೆ? ದೊಡ್ಡವರೇ ಉಪವಾಸ ಬಿದ್ದು ಸಣ್ಣವರಾಗಿ ಬಂದು ಸಣ್ಣವರ ಮೇಲೆ ಬೀಳತೊಡಗಿದರು. ಆಟಕ್ಕಿಂತ ಹಸಿವೇ ಹೆಚ್ಚು ಅಭ್ಯಾಸವಾಯಿತು.

ಅಣ್ಣನ ಟೀಮಿಗೆ ಮ್ಯಾನೇಜರ್ ಅಂತ ಒಬ್ಬ ಇದ್ದ, ನಮಗೆ ದೂರದಿಂದ ಕಾಕಾ ಆಗಬೇಕು. ಕೊರಳಲ್ಲಿ ಸೀಟಿ, ತಲೆಯ ಮೇಲೆ ಟೋಪಿ. ಜನ್ಮದಲ್ಲಿ ಒಂದು ಸಲ ಗೆರೆ ದಾಟಿ ಎದುರಿನವರ ಅಂಗಳಕ್ಕೆ ಹೋದವನಲ್ಲ. ಮನೆಯಲ್ಲಿ ಹೆಂಡತಿಯ ಎದುರು ಕೆಮ್ಮಲೂ ಹೆದರುತ್ತಿದ್ದ; ಆ ಸಿಟ್ಟನ್ನೆಲ್ಲ ಹುಡುಗರ ಮೇಲೆ ಸೀಟಿ ಊದಿ ತೀರಿಸಿಕೊಳ್ಳುತ್ತಿದ್ದ. ತಾನು ಮಾತ್ರ ಎಂಬತ್ತು ಕಿಲೋ. ತೂಕ ಇಳಿಸುವ ಉಪದೇಶ ಮಾಡುವಾಗ ಅವನ ಕೈಯಲ್ಲಿ ಸದಾ ಒಂದು ಮಿರ್ಚಿ ಇರುತ್ತಿತ್ತು.

ತೊಂಬತ್ತರ ದಶಕ ಮುಗಿಯುತ್ತ ಬಂದ ಹೊತ್ತಿಗೆ ಅಣ್ಣನಿಗೆ ಹೆಣ್ಣು ಗೊತ್ತಾಯಿತು. ಹುಬ್ಬಳ್ಳಿಯ ಗಬ್ಬೂರ ಕಡೆ ಒಬ್ಬರು ಹತ್ತಿ ವ್ಯಾಪಾರಸ್ಥರು ಇದ್ದರು, ನಮ್ಮ ಪೈಕಿಯವರೇ. ಕೆಳಗೆ ಗೋದಾಮು, ಮೇಲೆ ಮನೆ. ಅಪ್ಪ ಎಷ್ಟೋ ವರ್ಷದಿಂದ ಅವರಿಗೇ ಹತ್ತಿ ಹಾಕುತ್ತಿದ್ದ. ಅವರ ಹಿರಿಮಗಳನ್ನು ಅಣ್ಣ ನೋಡಿದ, ಅವಳೂ ನೋಡಿದಳು, ಇಬ್ಬರ ಮುಖವೂ ಒಂದೇ ಸಲ ಕೆಂಪಾಯಿತು. ಅವತ್ತಿನಿಂದ ಅಣ್ಣ ಊಟಕ್ಕೆ ಕೂತರೂ ಗೋಡೆ ನೋಡಿ ನಗುತ್ತಿದ್ದ. ಅಪ್ಪ ಬೀಗರ ಮುಂದೆ ಮೀಸೆ ತಿರುವಿ, "ನಮ್ಮ ಹುಡಗ ಅರವತ್ತ ಕಿಲೋ ಅದಾನ್ರಿ, ಜ್ವಾಳದ ಚೀಲ ಇದ್ದಂಗ" ಅಂದಿದ್ದ. ಸಕ್ಕರೆ ಹಂಚಿ ಮಾತು ಗಟ್ಟಿ ಮಾಡುವುದಷ್ಟೇ ಉಳಿದಿತ್ತು.

ಅಷ್ಟರಲ್ಲಿ ಆ ವ್ಯಾಪಾರಸ್ಥರ ಗೋದಾಮಿನ ಮುಂದಿನ ಬಯಲಲ್ಲೇ ಐವತ್ತೈದು ಕಿಲೋ ಕಬಡ್ಡಿ ಪಂದ್ಯ ಇಟ್ಟರು. ಕಾಕಾ ನಮ್ಮ ಮನೆಗೆ ಓಡಿ ಬಂದ.

"ಮಾವನ ಮನಿ ಮುಂದ ಆಡೂದಂದ್ರ ಏನ ಸಣ್ಣ ಮಾತೇನೋ? ಅಕಿ ಮಾಳಿಗಿ ಮ್ಯಾಲೆ ನಿಂತ ನೋಡ್ತಾಳ!"

ಅಣ್ಣ ಅಷ್ಟಕ್ಕೇ ಕರಗಿದ. ಮರುದಿನದಿಂದ ರೊಟ್ಟಿ ಬಂದ್, ಆಮೇಲೆ ನೀರೂ ಬಂದ್. ಮಟಮಟ ಮಧ್ಯಾಹ್ನ ಕಂಬಳಿ ಹೊದ್ದು ಓಡುವುದು. ಬಾಯಲ್ಲಿ ಹುಣಸೆಹಣ್ಣು ಇಟ್ಟುಕೊಂಡು ದಿನವಿಡೀ ಉಗುಳುವುದು, ಮೈಯೊಳಗಿನ ನೀರು ಹೋಗಲಿ ಎಂದು. ಕೊನೆಗೆ ಕೂದಲಿನ ತೂಕವೂ ಬೇಡವೆಂದು ತಲೆ ಬೋಳಿಸಿದರು.

ಅವ್ವ ಒಲೆಯ ಮುಂದೆ ಕೂತು ಕಾಕಾನ ಏಳು ತಲೆಮಾರು ಬೈದಳು. "ಹಾಲ ತುಪ್ಪ ಹಾಕಿ ಬೆಳಸೇನಿ ನಾ. ಈ ಭಾಡ್ಯಾ ಬಂದ ನನ್ನ ಮಗನ್ನ ಹಪ್ಪಳ ಒಣಗಿಸಿದಂಗ ಒಣಗಸಾಕತ್ತಾನ!"

"ಸುಮ್ನಿರಬೇ ಅವ್ವಾ, ಟೀಮ್ ಸಲುವಾಗಿ" ಎಂದು ಅಣ್ಣ ಉಗುಳುತ್ತ ಹೇಳಿದ.

ಪಂದ್ಯದ ಮೊದಲ ದಿನ ಬೆಳಿಗ್ಗೆ ಊರ ಹಿಟ್ಟಿನ ಗಿರಣಿಯ ಕಾಟಾದ ಮೇಲೆ ಎಲ್ಲರೂ ನಿಂತು ನೋಡಿದರು. ಅಣ್ಣ ಐವತ್ನಾಲ್ಕು ತೂಗಿದ. ಆದರೆ ಟೀಮಿನ ಇನ್ನಿಬ್ಬರು ಐವತ್ತೇಳರ ಮೇಲೆಯೇ ಕೂತಿದ್ದರು. ಆ ಪುಣ್ಯಾತ್ಮರು ಕದ್ದು ಚುರುಮುರಿ ತಿಂದಿದ್ದರಂತೆ. ಕಾಕಾ "ನಡೀರಿ, ಅಲ್ಲಿ ಹೋದ ಮ್ಯಾಲೆ ನೋಡೂಣು" ಅಂದ. ನಿಜವಾಗಿ ಉಪವಾಸ ಮಾಡಿದವನು ನಮ್ಮಣ್ಣನೊಬ್ಬನೇ. ಒಗ್ಗಟ್ಟು ಅಂದರೆ ಇದೇ, ಒಬ್ಬ ಹಸಿದಿರಬೇಕು, ಉಳಿದವರು ಜೈ ಅನ್ನಬೇಕು.

ಬೀಗರಾಗುವವರ ಮನೆ ಎಂದು ಅಪ್ಪ, ಅವ್ವ, ನಾನು ಎಲ್ಲರೂ ಹೋದೆವು. ಅಪ್ಪನಿಗೆ ಕೆಳಗೆ ವ್ಯಾಪಾರಸ್ಥರ ಪಕ್ಕ ಕುರ್ಚಿ. ನಮ್ಮನ್ನು ಮೇಲೆ ಮಾಳಿಗೆಗೆ ಕರೆದು ಅವಲಕ್ಕಿ ಕೊಟ್ಟರು. ಅಣ್ಣನಿಗೆ ಗೊತ್ತಾದ ಹುಡುಗಿ ನನ್ನನ್ನು ಮಾಳಿಗೆಯಂಚಿನ ಕಟಾಂಜನದ ಹತ್ತಿರ ಕರೆದುಕೊಂಡು ಹೋಗಿ ನಿಲ್ಲಿಸಿಕೊಂಡಳು. ಕೆಳಗೆ ಆಟಗಾರರನ್ನು ತೂಗಲು ಗೋದಾಮಿನ ಹತ್ತಿಯ ಕಾಟಾವನ್ನೇ ಹೊರಗೆ ಎಳೆದು ಇಟ್ಟಿದ್ದರು. ಒಬ್ಬ ಮೈಕಿನಲ್ಲಿ ಒಬ್ಬೊಬ್ಬರ ತೂಕವನ್ನೂ ಕೂಗುತ್ತಿದ್ದ.

ಆ ಕಾಟಾದ ವಿಷಯ ಇಲ್ಲಿ ಹೇಳಲೇಬೇಕು. ಅದು ಚೀಲಕ್ಕೆ ಮೂರು ಕಿಲೋ ತಿನ್ನುತ್ತಿತ್ತು, ಅಂದರೆ ಏನಿಟ್ಟರೂ ಮೂರು ಕಿಲೋ ಕಡಿಮೆ ತೋರಿಸುತ್ತಿತ್ತು. ಹತ್ತಿ ಹಾಕುವ ಪ್ರತಿ ರೈತನಿಗೂ ಇದು ಗೊತ್ತಿತ್ತು, ಬಸ್ಸಿನಲ್ಲಿ ವಾಪಸು ಬರುವಾಗ ಎಲ್ಲರೂ ಅದನ್ನೇ ಬೈಯುತ್ತಿದ್ದರು, ಕಾಟಾದ ಎದುರು ಮಾತ್ರ ಯಾರೂ ಬಾಯಿ ತೆರೆಯುತ್ತಿರಲಿಲ್ಲ. ಬೇರೆಯವರ ಕಾಟಾ ನಾಲ್ಕು ತಿನ್ನುತ್ತದೆ ಎಂಬುದೇ ಅಪ್ಪನ ಸಮಾಧಾನವಾಗಿತ್ತು.

ಚುರುಮುರಿ ತಿಂದ ಇಬ್ಬರೂ ಐವತ್ನಾಲ್ಕು ಎಂದು ಪಾಸಾದರು. ಕಾಕಾನಿಗೆ ತಕ್ಷಣ ತಿಳಿಯಿತು, ಟೋಪಿ ಸರಿಮಾಡಿಕೊಂಡು ನಕ್ಕ. ಆಮೇಲೆ ಅಣ್ಣ ಹತ್ತಿದ. ಬೋಳುತಲೆ, ಒಳಗೆ ಹೋದ ಗಲ್ಲ, ಒಣಗಿದ ತುಟಿ.

"ಐವತ್ತೊಂದು!" ಎಂದು ಮೈಕು ಕೂಗಿತು. ಜನ ಹೋ ಎಂದು ನಕ್ಕರು.

ಹುಡುಗಿಯ ಸೋದರಮಾವ ಗದಗದಿಂದ ಬಂದಿದ್ದ. ಅವನು ಎದ್ದು ಅಪ್ಪನ ಕುರ್ಚಿಯ ಹತ್ತಿರ ಬಂದ. ಮೈಕು ಆರಿಸುವಷ್ಟು ಬುದ್ಧಿ ಯಾರಿಗೂ ಇರಲಿಲ್ಲವಾದ್ದರಿಂದ ಮಾಳಿಗೆಯ ತನಕ ಎಲ್ಲ ಕೇಳಿಸಿತು.

"ಏನ್ರಿ ಯಜಮಾನ್ರ, ಎರಡ ತಿಂಗಳ ಹಿಂದ ಅರವತ್ತ ಕಿಲೋ ಅಂದಿದ್ರಿ. ಒಂಬತ್ತ ಕಿಲೋ ಎಲ್ಲಿ ಹೋದುವು?"

"ಆಟದ ಸಲುವಾಗಿ ಉಪಾಸ ಅದಾನ್ರಿ" ಅಂದ ಅಪ್ಪ.

"ಉಪಾಸಕ್ಕ ಒಂಬತ್ತ ಕಿಲೋ ಇಳೀತಾವೇನ್ರಿ? ಹಂಗಿದ್ರ ನಮ್ಮಕ್ಕ ಶ್ರಾವಣದಾಗ ಮಾಯ ಆಗಿಬಿಡ್ತಿದ್ಲು. ತಲ್ಯಾಗ ಕೂದಲಾನೂ ಇಲ್ಲ. ಇದ ಯಾವುದೋ ಬ್ಯಾರೆ ಜಡ್ಡ ಕಾಣತೈತಿ."

ಅದು ಗೋಡೆಗೋಡೆಯ ಮೇಲೆ ಒಂದು ರೋಗದ ಹೆಸರು ಬರೆದು ಜನರನ್ನು ಹೆದರಿಸುತ್ತಿದ್ದ ಕಾಲ. ಅವನು ಹೆಸರು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಅವ್ವ ಅವಲಕ್ಕಿಯ ತಟ್ಟೆ ಕೆಳಗಿಟ್ಟಳು.

ಆರು ಕಿಲೋ ಉಪವಾಸದ್ದು, ಮೂರು ಕಿಲೋ ಕಾಟಾದ್ದು. ವ್ಯಾಪಾರಸ್ಥರಿಗೆ ಗೊತ್ತಿರಲಿಲ್ಲವೇ? ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಹೇಳಿದರೆ ಅಲ್ಲಿ ನೆರೆದ ರೈತರ ಎದುರು ತಾವೆಂಥವರೆಂದು ಒಪ್ಪಿಕೊಳ್ಳಬೇಕಿತ್ತು. ಎಲೆಯಡಿಕೆ ಅಗಿಯುತ್ತ ಕೂತರು. ಅಪ್ಪನೂ ನೆಲ ನೋಡಿದ. ಮಗ ಗಟ್ಟಿಯಿದ್ದಾನೆಂದು ತೋರಿಸಲು ಬೀಗನನ್ನು ಕಳ್ಳ ಎನ್ನಬೇಕು, ಅದು ಅವನ ಬಾಯಿಂದ ಹೊರಡಲಿಲ್ಲ.

ನನ್ನ ಪಕ್ಕದಲ್ಲಿದ್ದವಳು ಸರ್ರನೆ ಒಳಗೆ ಹೋದಳು. ಬಂದಾಗ ಸೆರಗಿನ ಒಳಗೆ ಏನನ್ನೋ ಹಿಡಿದಿದ್ದಳು. ಐದು ಕಿಲೋ ತೂಗುವ ಕಬ್ಬಿಣದ ತೂಕದ ಕಲ್ಲು.

"ಇದರ ಮ್ಯಾಲೆ ಸರಕಾರದ ಮುದ್ರಿ ಐತಿ. ಆ ಕಾಟಾದ ಮ್ಯಾಲೆ ಇಟ್ರ ಎರಡ ಕಿಲೋ ತೋರಸ್ತೈತಿ. ನೀವ ಕೆಳಗ ಹೋಗ್ರಿ. ನಿಮ್ಮಣ್ಣಗ ಒಂದ ಮಾತ ಹೇಳಾಕ ಹೇಳ್ರಿ, ಕಾಟಾ ತಪ್ಪೈತಿ ಅಂತ. ಅವರ ಅಂದ ಕೂಡ್ಲೆ ನಾ ಇದನ್ನ ತಗೊಂಡ ಎಲ್ಲಾರ ಮುಂದ ಇಳದ ಬರ್ತೇನಿ."

"ನೀವ ಹೇಳ್ರಲ್ಲ?" ಅಂದೆ.

"ನಾ ಮೊದ್ಲ ಬಾಯಿ ತಗದ್ರ, ಹುಡುಗಿಗೆ ಲಗ್ನದ ಅವಸರ ಅಂತಾರ. ಅವರ ಒಂದ ಮಾತ ಅನ್ಲಿ, ಆಮ್ಯಾಲಿಂದು ನಂಗ ಬಿಡ್ರಿ. ಲಗೂ ಹೋಗ್ರಿ."

ನಾನು ಎರಡೆರಡು ಮೆಟ್ಟಿಲು ಹಾರಿ ಇಳಿದೆ. ಗಂಡಸರ ನಡುವೆ ನುಗ್ಗಿ ಅಣ್ಣನ ಕೈ ಹಿಡಿದು ಎಲ್ಲ ಹೇಳಿದೆ. ಅವನ ಕಣ್ಣು ಒಮ್ಮೆ ಅರಳಿತು. ಆಗ ಕಾಕಾ ನಡುವೆ ಬಂದ.

"ಏ, ಬಾಯಿ ಬಿಟ್ಟಿ ನೋಡು ಮತ್ತ! ಕಾಟಾ ತಪ್ಪಂದ್ರ ಎಲ್ಲಾರ್ನೂ ಹೊಳ್ಳಿ ತೂಗ್ತಾರ. ನಮ್ಮ ಇಬ್ಬರು ಹೊರಗ ಬೀಳ್ತಾರ. ಹೆಣ್ಣ ಇನ್ನೊಂದ ಸಿಗತೈತಿ, ಟೀಮ್ ಹೊಳ್ಳಿ ಕಟ್ಟಾಕ ಬರೂದಿಲ್ಲ."

"ಅಣ್ಣಾ, ಅಕಿ ಕಲ್ಲ ಹಿಡ್ಕೊಂಡ ನಿಂತಾಳೋ" ಅಂದೆ.

ಅವನು ತಲೆಯೆತ್ತಿ ಮಾಳಿಗೆ ನೋಡಿದ. ಅವಳು ನೇರ ಅವನನ್ನೇ ನೋಡುತ್ತಿದ್ದಳು. ಅವನು ತಲೆ ತಗ್ಗಿಸಿ ತನ್ನ ಬರಿಗಾಲು ನೋಡಿಕೊಂಡ.

"ನಂದ ಒಬ್ಬಂದ ಪ್ರಶ್ನೆ ಅಲ್ಲಬೇ ತಂಗಿ. ಟೀಮಿಂದೈತಿ."

ಆ ಮಾತು ಕೇಳಿದಾಗ ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಚುರುಮುರಿ ಬಿಡಲಾಗದ ಇಬ್ಬರು, ಸೀಟಿ ಊದುವ ಒಬ್ಬ ಕೈಲಾಗದವ, ಇವರ ಸಲುವಾಗಿ ಇವನು ಅವಳನ್ನು ಬಿಟ್ಟ. ನನಗೆ ಅವನ ಬೋಳುತಲೆಗೆ ಒಂದು ಬಾರಿಸಬೇಕೆನಿಸಿತು.

ಮೇಲೆ ಹೋದೆ. ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು. "ಟೀಮಿನ ಸಲುವಾಗಿ ಒಲ್ಲೆ ಅಂತಾನ್ರಿ" ಅಂದೆ. ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದಳು, ಅವನು ಮನಸ್ಸು ಬದಲಿಸಿಯಾನೆಂದೋ ಏನೋ. ಕೆಳಗೆ ಬೇರೆ ಊರಿನವರ ತೂಕ ಕೂಗತೊಡಗಿದಾಗ ಆ ಕಲ್ಲನ್ನು ಸಪ್ಪಳವಾಗದಂತೆ ನೆಲಕ್ಕಿಟ್ಟಳು. ಅವಳ ಬೆರಳುಗಳ ಮೇಲೆ ಅದರ ಹಿಡಿಯ ಗುರುತು ಕೆಂಪಗೆ ಮೂಡಿತ್ತು. ಸಂಜೆಯೊಳಗೆ ಸೋದರಮಾವ ಅವಳನ್ನು ಗದಗಕ್ಕೆ ಕರೆದುಕೊಂಡು ಹೋದ.

ನಮ್ಮ ಟೀಮಿನ ಮೊದಲ ಮ್ಯಾಚು ಮರುದಿನ ಇತ್ತು. ತೂಕ ಮುಗಿಯಿತಲ್ಲ, ಇನ್ನು ಶಕ್ತಿ ಬರಬೇಕೆಂದು ಕಾಕಾ ಅಣ್ಣನಿಗೆ ಒಂದು ಡಜನ್ ಬಾಳೆಹಣ್ಣು, ಮಿರ್ಚಿ, ಗಿರ್ಮಿಟ್ಟು, ಮೇಲೆ ಎರಡು ಲೋಟ ಹಾಲು ತುರುಕಿದ. ಬತ್ತಿದ ಹೊಟ್ಟೆ ಅದನ್ನು ತಾಳುತ್ತದೆಯೇ? ಮರುದಿನ ನಮ್ಮ ವೀರ ಗೆರೆ ದಾಟಿ "ಕಬಡ್ಡಿ ಕಬಡ್ಡಿ" ಎನ್ನುತ್ತ ಎದುರಿನವರ ಅಂಗಳಕ್ಕೆ ಹೋದವನು ಯಾರನ್ನೂ ಮುಟ್ಟಲಿಲ್ಲ. ಹೊಟ್ಟೆ ಹಿಡಿದುಕೊಂಡು ಅಲ್ಲಿಂದಲೇ ಹೊರಗೆ ಜಿಗಿದು ಜಾಲಿಕಂಟಿಯ ಕಡೆ ಓಡಿದ. ಚರಿಗೆ ಹಿಡಿದು ಅಪ್ಪ ಹಿಂದೆ ಓಡಿದ. ಟೀಮು ಮೊದಲ ಮ್ಯಾಚಿನಲ್ಲೇ ಮಣ್ಣು ಮುಕ್ಕಿತು. ಸೋತದ್ದು ಅಣ್ಣನ ಹೊಟ್ಟೆಯಿಂದ ಎಂದು ಟೀಮಿನವರು ಊರೆಲ್ಲ ಹೇಳಿಕೊಂಡು ತಿರುಗಿದರು. ವಾರದಲ್ಲಿ ಬೀಗರ ಕಡೆಯಿಂದ ಹೇಳಿಕಳಿಸಿದರು, ಹುಡುಗನ ಪ್ರಕೃತಿ ಸರಿಯಿಲ್ಲ, ಮಾತು ಇಲ್ಲಿಗೇ ಬಿಡೋಣ ಎಂದು.

ಅಣ್ಣನಿಗೆ ಬೇರೆ ಕಡೆ ಮದುವೆಯಾಯಿತು. ಅತ್ತಿಗೆ ಒಳ್ಳೆಯವಳು. ಈಗ ಅವನೇ ಹತ್ತಿ ಮಾರಲು ಹೋಗುತ್ತಾನೆ, ಕಾಟಾದ ಎದುರು ನಿಂತು "ಮೂರ ಕಿಲೋ ಕಡಿಮಿ ತೋರಸಾಕತ್ತೈತಿ!" ಎಂದು ಇಡೀ ಮಾರುಕಟ್ಟೆಗೆ ಕೇಳುವಂತೆ ಒದರುತ್ತಾನೆ. ಹತ್ತಿಯ ಸಲುವಾಗಿ ಬಾಯಿ ಚೆನ್ನಾಗಿ ಬರುತ್ತದೆ. ಹಬ್ಬದಲ್ಲಿ ಎಲ್ಲರೂ ಸೇರಿದಾಗ ಮಕ್ಕಳನ್ನು ಕೂರಿಸಿಕೊಂಡು, ಟೀಮಿಗಾಗಿ ತಾನು ಏನೇನು ಬಿಟ್ಟೆ ಎಂದು ವರ್ಣಿಸುತ್ತಾನೆ. ಜಾಲಿಕಂಟಿಯ ಭಾಗ ಮಾತ್ರ ಹೇಳುವುದಿಲ್ಲ.

ಏಳೆಂಟು ವರ್ಷದ ಮೇಲೆ ಒಂದು ದಿನ ಹುಬ್ಬಳ್ಳಿಯ ದುರ್ಗದಬೈಲಿನ ಬಳೆ ಅಂಗಡಿಯಲ್ಲಿ ಅವಳು ಸಿಕ್ಕಳು. ಗದಗದ ಕಡೆಯೇ ಕೊಟ್ಟಿದ್ದರಂತೆ, ತವರಿಗೆ ಬಂದಿದ್ದಳು. ಜೊತೆಗೆ ಸಣ್ಣ ಮಗಳು. ನನ್ನ ಗುರುತು ಅವಳೇ ಹಿಡಿದಳು.

"ನಿಮ್ಮಣ್ಣಾರ ಆರಾಮ ಅದಾರೇನ್ರಿ?"

"ಆರಾಮ ಅದಾನ್ರಿ. ಈಗ ತೊಂಬತ್ತ ಕಿಲೋ ಆಗ್ಯಾನ."

"ಯಾವ ಕಾಟಾದ ಮ್ಯಾಲೆ?" ಅಂದಳು. ಇಬ್ಬರೂ ಜೋರಾಗಿ ನಕ್ಕೆವು, ಬಳೆಗಾರ ತಲೆಯೆತ್ತಿ ನೋಡಿದ. ಆಮೇಲೆ ಅವಳು ಒಂದು ಡಜನ್ ಹಸಿರು ಬಳೆ ಕೈಯಲ್ಲಿ ಹಿಡಿದು ತಿರುಗಿಸುತ್ತ ಕೇಳಿದಳು.

"ನಂಗ ಅವತ್ತ ಸಂಜಿಕೇ ಗದಗಕ್ಕ ಕರಕೊಂಡ ಹೋದ್ರು, ಮುಂದಿಂದು ಗೊತ್ತಾಗ್ಲೇ ಇಲ್ಲ. ಅವರ ಟೀಮ್ ಗೆದ್ದಿತ್ತಲ್ರೀ?"

"ಇಲ್ರೀ. ಮೊದಲನೇ ಮ್ಯಾಚಿಗೇ ಸೋತ್ರು."

ಅವಳ ಕೈ ನಿಂತಿತು. ಬಳೆಗಳನ್ನು ಮೆಲ್ಲಗೆ ಗಾಜಿನ ಮೇಲೆ ಇಟ್ಟಳು, ಸಪ್ಪಳವಾಗದಂತೆ.

"ಸೋತ್ರಾ? ನಾ ಇಷ್ಟ ವರ್ಷ ಗೆದ್ದಾರ ಅಂತನ ತಿಳಕೊಂಡಿದ್ದೆ ರೀ. ಗೆದ್ದಿರಬೇಕು, ಹೋಗ್ಲಿ ಬಿಡು ಅಂತ."