ಝರಲಾಹಿಯ ಪೇರಲ ಕೋಲು

ಮೇಷ್ಟ್ರು ಶಾಲೆಗೆ ಹೊಸದಾಗಿ ವರ್ಗವಾಗಿ ಬಂದು ಆ ಕಾಡಂಚಿನ ಸ್ಟೇಷನ್ನಿನಲ್ಲಿ ಇಳಿದ ದಿನ, ಝರಲಾಹಿ ತನ್ನ ಮನೆಯ ಜಗುಲಿಯ ಮೇಲೆ ತಾನೇ ನೆಂಟನ ಹಾಗೆ ಕುಳಿತಿದ್ದನು. ರಾಜಧಾನಿಯಿಂದ ಮಡಗಾಸ್ಕರದ ಪೂರ್ವ ಕರಾವಳಿಗೆ ಇಳಿಯುವ ರೈಲು ಅಲ್ಲಿ ಊಟಕ್ಕೆಂದು ನಿಲ್ಲುತ್ತಿದ್ದ ಕಾಲವದು. ಪ್ಲಾಟ್‌ಫಾರಂ ತುಂಬ ಬಾಳೆಹಣ್ಣು, ಲಿಚಿ, ಬೇಯಿಸಿದ ಮರಗೆಣಸು. ಆ ಗದ್ದಲದ ಪಕ್ಕದಲ್ಲೇ ರೈಲ್ವೆ ಮನೆಯೊಂದರ ಹೊಸ್ತಿಲಿನ ಒಳಗಿನಿಂದ ಸೌಟೊಂದು ಹೊರಗೆ ಬಂದಿತು. ಅನ್ನದ ತಟ್ಟೆಯನ್ನು ಮೆಲ್ಲಗೆ ಜಗುಲಿಯತ್ತ ತಳ್ಳಿ ಮತ್ತೆ ಒಳಗೆ ಹೋಯಿತು.

ಶಾಲೆಯ ದಾರಿ ಕೇಳಿ ತಿಳಿದುಕೊಂಡ ಮೇಷ್ಟ್ರು, "ಏನಪ್ಪ, ಮನೇಲಿ ಜಗಳವೋ?" ಎಂದರು.

"ಜಗಳ ಏನಿಲ್ಲ ಮೇಷ್ಟ್ರೆ. ಗೋಸುಂಬೆ ಮುಟ್ಟಿದೀನಿ. ನಾಳೆ ಒಳಗೆ ಹೋಗ್ತೀನಿ."

"ನಾಳೆ ಅಲ್ಲ, ನಾಡಿದ್ದು," ಎಂದಿತು ಒಳಗಿನ ಹೆಣ್ಣುದನಿ. "ಲೆಕ್ಕ ನಂಗೂ ಬರತ್ತೆ."

ಮೇಷ್ಟ್ರಿಗೆ ಹೆಚ್ಚು ಬಿಡಿಸಿ ಹೇಳಬೇಕಾಗಲಿಲ್ಲ. ಗೋಸುಂಬೆಯನ್ನು ಮುಟ್ಟಿದ ಗಂಡಸು ಮೂರು ದಿನ ಹೊಸ್ತಿಲು ದಾಟಕೂಡದು, ಹೆಂಡತಿಯನ್ನು ಮುಟ್ಟಕೂಡದೆಂದು ಅವರ ಅಜ್ಜಿಯೂ ಹೇಳುತ್ತಿದ್ದರು. ಆ ಪ್ರಾಣಿಯತ್ತ ಬೆರಳು ನೀಡಿ ತೋರಿಸಲೂ ಜನ ಅಂಜುತ್ತಿದ್ದರು. ತೋರಿಸಲೇಬೇಕಾದರೆ ಬೆರಳು ಮಡಿಚಿ ಗೆಣ್ಣಿನಿಂದ ತೋರಿಸುತ್ತಿದ್ದರು. ಆದರೆ ಮದುವೆಯಾಗಿ ಇನ್ನೂ ಒಂದು ಸುಗ್ಗಿ ಕಳೆಯದ ಹುಡುಗ, ಅದೂ ಬಾಕುಲಿಯಂಥ ಚೆಲುವೆಯ ಗಂಡ, ಹೀಗೆ ತಿಳಿದೂ ತಿಳಿದೂ ಜಗುಲಿಗೆ ಬೀಳುವುದನ್ನು ಅವರು ನೋಡಿದ್ದು ಅದೇ ಮೊದಲು.

ಝರಲಾಹಿ ಪಾಯಿಂಟ್ಸ್‌ಮನ್. ಎದುರು ಬದುರಾಗಿ ಬರುವ ರೈಲುಗಳಲ್ಲಿ ಒಂದನ್ನು ಪಕ್ಕದ ಹಳಿಗೆ ತಿರುಗಿಸುವುದು ಅವನ ಕೆಲಸ. ಒಂದು ಬೆಳಿಗ್ಗೆ ಪಾಯಿಂಟಿನ ಸಂದಿಗೆ ಎಣ್ಣೆ ಹಾಕಲು ಹೋದಾಗ, ಮೂಗಿನ ಮೇಲೆ ಎರಡು ಗುಬುಟುಗಳಿದ್ದ, ಮೊಳದುದ್ದದ ಹಸಿರು ಗೋಸುಂಬೆಯೊಂದು ಹಳಿಯ ಮೇಲೆ ಬಿಸಿಲಿಗೆ ಮೈ ಕಾಯಿಸುತ್ತ ಕುಳಿತಿತ್ತು. ಒಂದು ಕಣ್ಣು ರೈಲು ಬರುವ ದಿಕ್ಕಿಗೆ, ಇನ್ನೊಂದು ಅವನತ್ತ. ಎತ್ತಿ ತಂದು ಮನೆಯ ಹಿಂದಿನ ಕಾಫಿ ಗಿಡದಲ್ಲಿ ಬಿಟ್ಟನು. ಅದು ಅಲ್ಲಿಯೇ ನಿಂತಿತು. ಅವನು ಅದಕ್ಕೆ 'ತಾತ' ಎಂದು ಹೆಸರಿಟ್ಟನು.

ತಾತನದು ನಿಜಕ್ಕೂ ಮನೆಯ ಹಿರಿಯರ ಸ್ವಭಾವ. ಬಟ್ಟಲಲ್ಲಿಟ್ಟ ನೀರನ್ನು ಮೂಸಿಯೂ ನೋಡುತ್ತಿರಲಿಲ್ಲ. ಎಲೆಯ ಮೇಲೆ ಚಿಮುಕಿಸಿದರೆ ಹನಿಹನಿಯಾಗಿ ನೆಕ್ಕುತ್ತಿತ್ತು. ಮಿಡತೆಯನ್ನು ಕೊಟ್ಟರೆ ಕೇಳದವನ ಹಾಗೆ ಕುಳಿತು, ಕೊಟ್ಟವನು ಮುಖ ತಿರುಗಿಸಿದ ಮೇಲೆ ನಾಲಿಗೆ ಬೀಸುತ್ತಿತ್ತು. ಮೇಲಿನಿಂದ ಕೈ ಬಂದರೆ ಗಿಡುಗವೇ ಎರಗಿತೆಂದು ತಿಳಿದು, ಮೈ ಕಪ್ಪಗೆ ಮಾಡಿಕೊಂಡು, ಬಾಯಿ ತೆರೆದು ಬುಸುಗುಡುತ್ತಿತ್ತು. ಅದರ ಸಿಟ್ಟು ಇಳಿದು ಮೈ ಹಸಿರಾಗುವ ಹೊತ್ತಿಗೆ ಒಂದು ರೈಲು ಬಂದು ಹೋಗಿರುತ್ತಿತ್ತು.

ತಾತನಿಗೆ ಒಂದು ಚಪಲವೂ ಇತ್ತು. ಹಳಿಯಾಚೆಯ ಪೇರಲ ಮರದ ಮೇಲೆ ಅದರ ಮನಸ್ಸು. ಕಾಫಿ ಗಿಡ ಇಳಿದು, ಹಿಂದಕ್ಕೂ ಮುಂದಕ್ಕೂ ತೂಗುತ್ತ ಹಳಿಯ ಹತ್ತಿರ ಹೊರಟುಬಿಡುತ್ತಿತ್ತು. ಹಾಗೆ ಹೊರಟಾಗಲೆಲ್ಲ ಝರಲಾಹಿ ಎತ್ತಿ ತರಬೇಕು. ಎತ್ತಿದರೆ ಮೂರು ದಿನ ಜಗುಲಿ. ಎತ್ತದೆ ಬಿಟ್ಟು ಅದು ಗಾಲಿಗೆ ಸಿಕ್ಕಿದರೆ, ಗೋಸುಂಬೆ ಸತ್ತಲ್ಲಿ ಕೇಡೆನ್ನುವ ಊರಿನ ಬಾಯಲ್ಲಿ ಅದೆಲ್ಲ ಅವನ ತಲೆಗೇ ಬರುವುದು.

ಹಣ್ಣು ಮಾರುವ ಹೆಂಗಸರು ಬಿಡುತ್ತಾರೆಯೇ? "ಏನೋ ಝರಲಾಹಿ, ಇವತ್ತು ಒಳಗೋ ಹೊರಗೋ?" ಎಂದು ಒಬ್ಬಳು ಕೇಳಿದರೆ, "ಮಕ್ಕಳಾಗ್ಬೇಕಾದ್ರೆ ಆ ಗಿಡಾನೇ ಕಡೀಬೇಕು ಬಿಡೆ," ಎಂದು ಇನ್ನೊಬ್ಬಳು ಅನ್ನುವಳು.

ಮಾತು ಬಾಕುಲಿಯ ಕಿವಿಗೂ ಬಿದ್ದಿತು. ಆ ಸಂಜೆ ಅವಳು ಹೊಸ್ತಿಲಲ್ಲಿ ನಿಂತು, ಒಂದಿಷ್ಟೂ ದನಿ ಏರಿಸದೆ ಹೇಳಿದಳು: "ಇನ್ನೊಂದು ಸಲ ಮುಟ್ಟಿದ್ರೆ ತವರಿಗೆ ಹೋಗ್ತೀನಿ. ಕರ್ಕೊಂಡು ಹೋಗಕ್ಕೆ ನೀನು ಬರ್ಬೇಕು. ನಮ್ಮಪ್ಪ ಮನೆಮಂದಿ ಎಲ್ಲಾರ ಮುಂದೆ ಕಾರಣ ಕೇಳ್ತಾನೆ. ಗೋಸುಂಬೆ ಅಂತ ನೀನೇ ಬಾಯ್ಬಿಟ್ಟು ಹೇಳ್ಬೇಕು. ಆಮೇಲೆ ಅವರು ಕಳಿಸ್ತಾರೋ ಇಲ್ವೋ, ನಂಗೊತ್ತಿಲ್ಲ."

ಝರಲಾಹಿ ಆ ರಾತ್ರಿ ಚಾಪೆಯ ಮೇಲೆ ಹೊರಳಾಡಿದನು. ಬೆಳಗಾದದ್ದೇ ಹಳಿಯಾಚೆಗೆ ಹೋಗಿ, ಪೇರಲ ಮರದಿಂದ ಹೆಬ್ಬೆರಳಿನಷ್ಟು ದಪ್ಪದ ಕೋಲೊಂದನ್ನು ಕಡಿದು ತಂದನು. ಸಿಪ್ಪೆ ಸುಲಿಯಲಿಲ್ಲ, ಹಿಡಿತ ಸಿಗಲೆಂದು. ಮೊದಮೊದಲು ಕೋಲಿನಿಂದ ತಾತನನ್ನು ಹಿಂದಿನಿಂದ ನೂಕಿ ನೋಡಿದನು, ಅದು ಕಪ್ಪಾಯಿತು. ಪಕ್ಕದಿಂದ ತಿವಿದನು, ಇನ್ನೂ ಕಪ್ಪಾಯಿತು. ಕೊನೆಗೊಂದು ದಿನ ಸಾಕಾಗಿ, ಕೋಲನ್ನು ಅದರ ಗದ್ದದ ಮುಂದೆ ಅಡ್ಡ ಹಿಡಿದು ಸುಮ್ಮನೆ ಕುಕ್ಕರುಗಾಲಲ್ಲಿ ಕುಳಿತುಬಿಟ್ಟನು. ಒಂದು ಕಣ್ಣು ಕೋಲನ್ನು ನೋಡಿತು, ಒಂದು ಕಣ್ಣು ಇವನನ್ನು. ಆಮೇಲೆ ಇಕ್ಕಳದಂಥ ಮುಂಗಾಲೊಂದು ಮೇಲೆದ್ದು, ಗಾಳಿಯಲ್ಲಿ ಸ್ವಲ್ಪ ಯೋಚಿಸಿ, ಕೋಲನ್ನು ಹಿಡಿಯಿತು. ಹಿಂದೆಯೇ ಉಳಿದ ಕಾಲುಗಳೂ ಬಂದವು. ಮೈ ಹಸಿರಾಗಿಯೇ ಇತ್ತು.

ಅಂದಿನಿಂದ ಸೌಟು ಹೊಸ್ತಿಲು ದಾಟಲಿಲ್ಲ. ಬಾಕುಲಿ ಅಡುಗೆಮನೆಯ ಕಿಟಕಿಯಲ್ಲಿ ನಿಂತು, ಗಂಡನು ಕೋಲು ಹಿಡಿದು ಕಾಯುವುದನ್ನು ದಿನವೂ ನೋಡುತ್ತಿದ್ದಳು. "ನನ್ನ ಹತ್ರ ಮಾತಾಡುವಾಗ ಈ ತಾಳ್ಮೆ ಎಲ್ಲಿಗೆ ಹೋಗಿರತ್ತೋ," ಎನ್ನುತ್ತಿದ್ದಳು.

ಮಳೆ ಬಿಟ್ಟು ಬಿಸಿಲು ಬಂದ ಒಂದು ಮಧ್ಯಾಹ್ನ ಅದು ನಡೆಯಿತು. ಮೇಷ್ಟ್ರು ಮಕ್ಕಳನ್ನು ಊಟಕ್ಕೆ ಬಿಟ್ಟು ಪ್ಲಾಟ್‌ಫಾರಂಗೆ ಬಂದಿದ್ದರು. ಕರಾವಳಿಯ ರೈಲಿನ ಕೂಗು ತಿರುವಿನಾಚೆ ಕೇಳಿಸಿತ್ತು. ಝರಲಾಹಿ ಪಾಯಿಂಟಿನ ಹಿಡಿಯನ್ನು ಎಳೆದು ನಿಂತಿದ್ದನು. ಅದರ ಕೊಂಡಿ ಸವೆದಿದ್ದುದರಿಂದ, ಕೊನೆಯ ಡಬ್ಬಿ ದಾಟುವವರೆಗೆ ಕೈ ಬಿಡುವ ಹಾಗಿರಲಿಲ್ಲ. ಕೋಲು ಅವನ ಕಂಕುಳಲ್ಲಿತ್ತು. ಆಗ ಕಂಡಿತು, ಮನೆಯ ನೇರಕ್ಕೆ ತಾತ ಹಳಿಯ ಮೇಲೆ ಒಂದು ಕಾಲಿಟ್ಟು ತೂಗುತ್ತಿದ್ದುದು.

ನಲ್ಲಿಯ ಹತ್ತಿರ ಬಾಕುಲಿ ಬಿಂದಿಗೆ ಹಿಡಿದು ನಿಂತಿದ್ದಳು. ಝರಲಾಹಿ ಅವಳನ್ನು ನೋಡಿದನು. ಕೂಗಲಿಲ್ಲ. ತನ್ನ ಹೆಂಡತಿಯನ್ನು ಇಂಥ ಕೆಲಸಕ್ಕೆ ಕರೆಯುವ ಬಾಯಿ ಅವನಿಗಿರಲಿಲ್ಲ.

ಬಾಕುಲಿ ಬಿಂದಿಗೆ ಇಳಿಸಿದಳು. ಸುತ್ತ ಕಡ್ಡಿಯೊಂದನ್ನು ಹುಡುಕಿದಳು. ಜಲ್ಲಿಯ ಹೊರತು ಏನೂ ಇರಲಿಲ್ಲ. ಹಳಿಯ ಬದಿಗೆ ಮೊಣಕಾಲೂರಿ ಕುಳಿತು, ತನ್ನ ಬರಿಗೈಯನ್ನು ತಾತನ ಗದ್ದದ ಮುಂದೆ ಅಡ್ಡ ಹಿಡಿದಳು. ಹಿಡಿದು, ರೈಲು ತಿರುವಿನಲ್ಲಿ ಮುಖ ತೋರಿಸುತ್ತಿದ್ದರೂ ಅಲುಗದೆ ಕಾದಳು. ತಾತ ಎಂದಿನಂತೆ ಯೋಚಿಸಿತು. ಆಮೇಲೆ ಅವಳ ಕೈಯನ್ನು ಹಿಡಿದು, ಮೊಣಕೈಯವರೆಗೆ ಹತ್ತಿತು. ಬಾಕುಲಿ ಎದ್ದು ಹಿಂದೆ ಸರಿದಳು. ರೈಲು ಬಂದು ನಿಂತಿತು.

ಝರಲಾಹಿ ಹಿಡಿ ಬಿಟ್ಟು ಓಡಿಬಂದಾಗ ಅವಳು ತೋಳನ್ನು ಚಾಚಿಕೊಂಡೇ ನಿಂತಿದ್ದಳು. ಅದರ ಮೇಲೆ ತಾತ ಹಸಿರಾಗಿಯೇ ಇತ್ತು.

"ಕಾಲು ತಣ್ಣಗಿದೆ ಕಣೋ, ಮಗು ಬೆರಳಿನ ಹಾಗೆ," ಎಂದಳು. ತಾತನನ್ನು ಕಾಫಿ ಗಿಡಕ್ಕೆ ಹತ್ತಿಸಿದ ಮೇಲೆ, "ಈಗ ನಾನು ಹೊರಗೆ. ನಿಂಗೆ ಅನ್ನ ಬೇಯಿಸೋರು ಯಾರು?" ಎಂದಳು.

ಸಂಜೆ ಅವಳು ಜಗುಲಿಯ ಮೇಲೆ ಚಾಪೆ ಹಾಸಿಕೊಂಡು ಕುಳಿತಳು. ಝರಲಾಹಿ ಒಳಗೆ ಹೋಗಿ ಅನ್ನ ಬೇಯಿಸಿದನು, ತಳ ಹೊತ್ತಿಸಿದನು. ತಟ್ಟೆಯನ್ನು ಹೊಸ್ತಿಲಿನವರೆಗೆ ತಂದು, ಸೌಟಿನಿಂದ ತಳ್ಳಲು ಬಗ್ಗಿದವನು ಹಾಗೆಯೇ ನಿಂತನು. ತಟ್ಟೆಯನ್ನು ಅಲ್ಲೇ ಇಟ್ಟು ಹಿತ್ತಲಿಗೆ ಹೋದನು. ಕಾಫಿ ಗಿಡದ ಹತ್ತಿರ ನಿಂತು, ಬೇಕೆಂತಲೇ ಮೇಲಿನಿಂದ ಕೈ ಚಾಚಿ ತಾತನ ಬೆನ್ನನ್ನು ಮುಟ್ಟಿದನು. ಬುಸ್ಸೆನ್ನುವ ಸದ್ದು ಜಗುಲಿಯವರೆಗೂ ಕೇಳಿಸಿತು.

"ಏನು ಮಾಡ್ದೆ?" ಎಂದು ಬಾಕುಲಿ ಅಲ್ಲಿಂದಲೇ ಕೇಳಿದಳು.

"ನಾನೂ ಮುಟ್ಟಿದೆ."

"ತವರಿಗೆ ಹೋಗ್ತೀನಿ ಅಂದಿದ್ದೆ, ನೆನಪಿದೆಯಾ?"

"ಹೋಗು. ಮುಟ್ಟಿದ ಕೈನ ಅವ್ರೂ ಒಳಗೆ ಬಿಡಲ್ಲ. ಅಲ್ಲೂ ಜಗುಲೀನೇ."

ಅವಳು ನಕ್ಕಳು. ಮೂರು ದಿನವೂ ಇಬ್ಬರೂ ಜಗುಲಿಯಲ್ಲೇ ಒಲೆ ಹೂಡಿ, ಚಾಪೆಯ ಒಂದೊಂದು ತುದಿಯಲ್ಲಿ ಕುಳಿತು, ಒಂದೇ ತಟ್ಟೆಯಲ್ಲಿ ಉಂಡರು. ಹೊತ್ತಿದ ತಳಕ್ಕೆ ನೀರು ಹಾಕಿ ಕುದಿಸಿದ ತಿಳಿಯನ್ನು ಒಂದೇ ಲೋಟದಲ್ಲಿ ಕುಡಿದರು. ಇದು ಕಟ್ಟಳೆಗೆ ಸರಿಯೋ ತಪ್ಪೋ ಎಂದು ಹೆಂಗಸರು ಊರ ಹಿರಿಯನನ್ನು ಕೇಳಿದರಂತೆ. ಇಬ್ಬರೂ ಮುಟ್ಟುತ್ತಾರೆಂದು ಪೂರ್ವಿಕರು ಎಣಿಸಿರಲಿಲ್ಲ ಎಂದು ಹೇಳಿ ಅವನು ಎದ್ದುಹೋದನಂತೆ.

ತಾತ ಬಹಳ ವರ್ಷ ಬಾಳಿತು. ಬಾಕುಲಿಯ ಇಬ್ಬರು ಹೆಣ್ಣುಮಕ್ಕಳು ಆ ಕಾಫಿ ಗಿಡದ ಕೆಳಗೇ ಅಕ್ಷರ ಕಲಿತರು. ಒಂದು ಚಳಿಗಾಲದಲ್ಲಿ ತಾತ ಗಿಡದಲ್ಲಿ ಕಾಣಲಿಲ್ಲ, ಹುಡುಕಿದರು, ಸಿಗಲಿಲ್ಲ. ಮುಂದೆ ಊಟಕ್ಕೆ ನಿಲ್ಲುತ್ತಿದ್ದ ರೈಲೂ ನಿಂತುಹೋಯಿತು. ಈಗ ಎಂದಾದರೊಮ್ಮೆ ಸರಕಿನ ಗಾಡಿ ಹೋಗುತ್ತದೆ. ಬಾಕುಲಿ ತೀರಿಕೊಂಡು ಎರಡು ಮಳೆಗಾಲವಾಯಿತು.

ಝರಲಾಹಿ ಈಗ ಕಿರಿಯ ಮಗಳ ಮನೆಯಲ್ಲಿದ್ದಾನೆ, ಲಾರಿಗಳು ಓಡಾಡುವ ಟಾರು ರಸ್ತೆಯ ಬದಿಗೆ. ಮಳೆ ಬಿಟ್ಟ ದಿನಗಳಲ್ಲಿ ಗೋಸುಂಬೆಗಳು ಆ ರಸ್ತೆ ದಾಟುತ್ತವೆ. ಅವನು ಹೆಗಲಿಗೆ ಶಾಲು ಹೊದ್ದು, ಕೋಲು ಹಿಡಿದು ಹೊರಡುತ್ತಾನೆ. ಮೊನ್ನೆ ರಸ್ತೆಯಲ್ಲಿ ಗೋಸುಂಬೆಯೊಂದು ಕಂಡಾಗ ಜೊತೆಗಿದ್ದ ಮೇಷ್ಟ್ರು, "ಕೈಯಲ್ಲೇ ಎತ್ತಿಬಿಡಬಾರದೇನಯ್ಯ? ಈಗ ಯಾರ ಭಯ?" ಎಂದು ಕೇಳಿದರು.

"ಆಗಲ್ಲ ಮೇಷ್ಟ್ರೆ. ಬಾಕುಲಿ ಲೆಕ್ಕ ಇಟ್ಟಿರ್ತಾಳೆ."

ಹಾಗೆಂದು ರಸ್ತೆಯ ಮಧ್ಯೆ ಕುಕ್ಕರುಗಾಲಲ್ಲಿ ಕುಳಿತನು. ಲಾರಿಯೊಂದು ಬಂದು ನಿಂತು ಹಾರನ್ ಹೊಡೆಯಿತು. ಅವನು ಪೇರಲ ಕೋಲನ್ನು ಆ ಪುಟ್ಟ ಗದ್ದದ ಮುಂದೆ ಅಡ್ಡ ಹಿಡಿದು ಕಾಯುತ್ತಿದ್ದನು.