ಕೊನೆಯ ಬಿಲ್ಲೆ

ಜೆಮಿಲೆ ಮಗಳು ರುಕಿಯೆಯ ಮುಖಕ್ಕೆ ಬಿಳಿ ಬಣ್ಣ ಬಳಿಯುತ್ತಿದ್ದಳು. ಬೆರಳುಗಳು ತಮ್ಮ ಪಾಡಿಗೆ ತಾವು ಹಣೆಯಿಂದ ಕೆನ್ನೆಗೆ, ಕೆನ್ನೆಯಿಂದ ಗಲ್ಲಕ್ಕೆ ಇಳಿದವು. ರೊಡೋಪಿ ಬೆಟ್ಟದ ಮುಸಲ್ಮಾನರಾದ ನಮ್ಮ ಪೊಮಾಕರಲ್ಲಿ ಮದುವಣಗಿತ್ತಿ ಬಣ್ಣ ಬಳಿಸಿಕೊಂಡು ಕಣ್ಣು ಮುಚ್ಚಿಯೇ ಇರಬೇಕು. ಮಸೀದಿಯ ಹೋಜಾ ದುವಾ ಓದಿ, ಗಂಡ ಹಾಲಿನಲ್ಲಿ ಮುಖ ತೊಳೆದ ಮೇಲೆಯೇ ಕಣ್ಣು ತೆರೆಯುವುದು. ಕೆನ್ನೆಯ ಕೊನೆಯ ಮಿಂಚುಬಿಲ್ಲೆಯನ್ನು ತಾಯಿ ಅಳುತ್ತ ಅಂಟಿಸಬೇಕು. ಅಳದ ತಾಯಿ ಮಗಳನ್ನು ಹರಸಲಿಲ್ಲವೆಂದೇ ಊರು ತಿಳಿಯುತ್ತದೆ.

ಆ ಅಳುವೇ ಜೆಮಿಲೆಗೆ ಬರಲೊಲ್ಲದು.

ನಮ್ಮ ಮದುವೆಗಳು ನಡೆಯುವುದು ಚಳಿಗಾಲದಲ್ಲಿ, ಪ್ರವಾಸಿಗಳು ಬರುವುದು ಬೇಸಿಗೆಯಲ್ಲಿ. ಅದಕ್ಕೇ ಅವರ ಬಸ್ಸು ತರುವ ಬಿಸೆರ್ ಬೇಸಿಗೆಗೆಂದೇ ಒಂದು ಆಟದ ಮದುವೆ ಹುಟ್ಟಿಸಿದ್ದ. ಭಾನುವಾರ ಬಂತೆಂದರೆ ರುಕಿಯೆ ಮದುವಣಗಿತ್ತಿ, ಜೆಮಿಲೆ ಹೆತ್ತ ತಾಯಿ. ವರ ಮಾತ್ರ ಅವತ್ತು ಬಿಡುವಾಗಿದ್ದ ಯಾವನೋ ಒಬ್ಬ.

"ಅಕ್ಕಾ, ಹಿಂದೆ ನಿಂತೋರಿಗೂ ಕಾಣ್ಬೇಕು, ಸ್ವಲ್ಪ ಜೋರಾಗಿ ಅಳಿ," ಎನ್ನುತ್ತಿದ್ದ ಬಿಸೆರ್.

ಮೊದಮೊದಲು ಅವಳು ನಿಜವಾಗಿಯೇ ಅತ್ತಳು. ಒಂದು ದಿನ ಇವಳು ಹೋಗಿಯೇ ಹೋಗುತ್ತಾಳಲ್ಲ ಎಂದು ನೆನೆದೇ ಅಳು ಬರುತ್ತಿತ್ತು. ಬರಬರುತ್ತ ಬಿಸೆರ್ ಕೈ ಎತ್ತಿದರೆ ಸಾಕು, ಕಣ್ಣೀರು ಬರುತ್ತಿತ್ತು. ಬಾವಿ ಇದೆಯೆಂದು ಮೊಗೆದದ್ದೇ ಮೊಗೆದದ್ದು, ತಳ ಯಾರು ಬಗ್ಗಿ ನೋಡುತ್ತಾರೆ?

ಇವತ್ತು ನಿಜದ ಮದುವೆ. ಬಸ್ಸಿಲ್ಲ, ಬಿಸೆರ್ ಇಲ್ಲ. ಹೊರಗೆ ಹಿಮ, ಒಳಗೆ ಬರಿಯ ನೆಂಟರು. ಕೊನೆಯ ಬಿಲ್ಲೆ ಜೆಮಿಲೆಯ ಬೆರಳ ತುದಿಯಲ್ಲಿತ್ತು.

"ಬಸ್ಸಿನೋರ ಮುಂದೆ ಕೋಡಿ ಹರಿಸ್ತಿದ್ಲು," ನಾದಿನಿ ಕಾದ್ರಿಯೆ ಪಕ್ಕದವಳಿಗೆ ಹೇಳಿದಳು, ಎಲ್ಲರಿಗೂ ಕೇಳುವ ಹಾಗೆ. "ಸ್ವಂತ ಮಗಳಿಗೆ ಒಂದು ಹನಿಗೂ ಗತಿಯಿಲ್ಲ ನೋಡು!"

ಜೆಮಿಲೆ ಸತ್ತ ತನ್ನ ತಾಯಿಯನ್ನು ನೆನೆದಳು. ಖಾಲಿಯಾಗುವ ಮಗಳ ಹಾಸಿಗೆಯನ್ನು ನೆನೆದಳು. ಏನೂ ಆಗಲಿಲ್ಲ. ಬಿಲ್ಲೆಯನ್ನು ಒಣಗಣ್ಣಿನಲ್ಲೇ ಅಂಟಿಸಿದಳು.

ವರನ ಅಂಗಳದಲ್ಲಿ ಹೋಜಾ ದುವಾ ಓದಿದ. ಜೆಮಿಲೆ ಹಾಲಿನ ಪಾತ್ರೆ ಹಿಡಿದಳು, ವರ ಸಾಲಿ ರುಕಿಯೆಯ ಮುಖ ತೊಳೆದ. ರುಕಿಯೆ ಕಣ್ಣು ತೆರೆದು ಅವನನ್ನು ನೋಡಿದಳು. ಆಮೇಲೆ ತಾಯಿಯ ಕಡೆ ತಿರುಗಿದಳು.

"ಮುಗೀತಾ ಅಮ್ಮಾ?"

"ಮುಗೀತು ಕಣೇ. ಏಳು, ಮನೆಗೆ ಹೋಗೋಣ," ಎಂದು ಜೆಮಿಲೆ ಕೈ ಚಾಚಿದಳು.

ಪ್ರತಿ ಭಾನುವಾರ ಆಟ ಮುಗಿದಾಗ ಹೇಳುತ್ತಿದ್ದ ಮಾತು, ತಾನಾಗಿಯೇ ಬಾಯಿಗೆ ಬಂದಿತ್ತು. ರುಕಿಯೆಯೂ ಅರ್ಧ ಎದ್ದಿದ್ದಳು.

"ಬೀಗಿತ್ತಿ," ಸಾಲಿಯ ತಾಯಿ ಮೆಲ್ಲಗೆ ಅಂದಳು, "ಇನ್ನು ಅವಳ ಮನೆ ಇದೇ ಅಲ್ವಾ?"

ರುಕಿಯೆ ತಾಯಿಯ ಚಾಚಿದ ಕೈ ಹಿಡಿದಳು. ಎಂದಿನಂತೆ ಹಿಡಿದು ಏಳಲಿಲ್ಲ. ಅದಕ್ಕೆ ಮುತ್ತಿಟ್ಟು, ಹಣೆಗೊತ್ತಿಕೊಂಡು, ಬಿಟ್ಟಳು.

ಕಾದ್ರಿಯೆ ಜೆಮಿಲೆಯ ಕಣ್ಣನ್ನೇ ನೋಡುತ್ತಿದ್ದಳು. ಆಗಲೂ ಅಲ್ಲಿ ಒಂದು ಹನಿಯೂ ಬರಲಿಲ್ಲ. ಚಾಚಿದ ಕೈ ಮಾತ್ರ ಬಹಳ ಹೊತ್ತು ಹಾಗೆಯೇ ಇತ್ತು.